ಜಗನ್ಮೋಹನ ಅರಮನೆಯ ಭಾವಚಿತ್ರ ನೋಡಿ ತೈಲವರ್ಣ ಕಲಿಯುವುದು: ಮೊದಲ ಪ್ರತಿಗೆ ಮಾರ್ಗದರ್ಶಿ

ರವಿವರ್ಮನ ಚಿತ್ರ ನೋಡಿಕೊಂಡು ತೈಲವರ್ಣ ಕಲಿಯಬಹುದಾ? ಗ್ಯಾಲರಿಯೊಳಗೆ ಕೂತು ಬರೆಯಲು ಬಿಡುತ್ತಾರಾ? ಮುಖ ಬರೆದರೆ ಬೊಂಬೆಯ ಹಾಗೆ ಕಾಣುತ್ತದಲ್ಲ, ಯಾಕೆ? ಮೈಸೂರು, ಮಂಡ್ಯ ಕಡೆಯ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಒಂದೊಂದಕ್ಕೂ ತುಂಡು ಉತ್ತರ ಕೊಟ್ಟರೆ ಸಾಲುವುದಿಲ್ಲ ಎನಿಸಿ, ಇಡೀ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ.

ಮೊದಲ ಪ್ರಶ್ನೆಗೆ ಉತ್ತರ: ಖಂಡಿತ ಕಲಿಯಬಹುದು. ರಾಜಾ ರವಿವರ್ಮ (1848–1906) ಕೂಡ ತೈಲವರ್ಣವನ್ನು ಬಹುಮಟ್ಟಿಗೆ ನೋಡಿಯೇ ಕಲಿತವನು. ತಿರುವಾಂಕೂರಿನ ಅರಮನೆಗೆ ಬಂದಿದ್ದ ಥಿಯೋಡರ್ ಜೆನ್ಸನ್ ಎಂಬ ಯೂರೋಪಿನ ಚಿತ್ರಕಾರ ಅವನಿಗೆ ಪಾಠ ಹೇಳಲಿಲ್ಲ, ತಾನು ಕೆಲಸ ಮಾಡುವಾಗ ನೋಡಲು ಮಾತ್ರ ಬಿಟ್ಟ. ನಮ್ಮ ಮೈಸೂರು ಶೈಲಿಯ ಚಿತ್ರಗಾರರ ಪರಂಪರೆಯಲ್ಲೂ ಗುರು ಬರೆದ ರೇಖೆಯ ಮೇಲೆ ಕೈ ಪಳಗಿಸುವುದರಿಂದಲೇ ಕಲಿಕೆ ಶುರು. ಹಾಗಾಗಿ ನಕಲು ಮಾಡುವುದು ಕೀಳು ಎಂಬ ಅಳುಕು ಬೇಡ. ಆದರೆ ಯಾವುದನ್ನು ನಕಲು ಮಾಡುತ್ತಿದ್ದೇವೆ ಎಂಬುದು ಸ್ಪಷ್ಟವಿರಬೇಕು. ಆ ಮುಖದ ಚೆಲುವನ್ನು ಮನೆಗೆ ತರುವುದು ನಮ್ಮ ಗುರಿಯಲ್ಲ. ಚಿತ್ರಕಾರ ಯಾವುದನ್ನು ಮೊದಲು ಬರೆದ, ಯಾವುದನ್ನು ಕೊನೆಗೆ ಇಟ್ಟ, ಎಲ್ಲಿ ಬರೆಯದೆ ಬಿಟ್ಟ, ಈ ತೀರ್ಮಾನಗಳನ್ನು ಒಂದೊಂದಾಗಿ ನಮ್ಮ ಕೈಯಿಂದ ಮತ್ತೆ ಮಾಡಿ ನೋಡುವುದು ಗುರಿ. ಅದಕ್ಕಾಗಿಯೇ ಈ ಕೆಲಸದ ಅರ್ಧ ಭಾಗ ಬಣ್ಣವೇ ಇಲ್ಲದೆ ನಡೆಯುತ್ತದೆ.

ಯಾವ ಚಿತ್ರ ಆರಿಸಿಕೊಳ್ಳಬೇಕು

ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1861ರಲ್ಲಿ ಕಟ್ಟಿದ ಜಗನ್ಮೋಹನ ಅರಮನೆ 1915ರಿಂದ ಚಿತ್ರಶಾಲೆಯಾಗಿದೆ. ಈಗಿನ ಹೆಸರು ಶ್ರೀ ಜಯಚಾಮರಾಜೇಂದ್ರ ಆರ್ಟ್ ಗ್ಯಾಲರಿ. ಅಲ್ಲಿಗೆ ಹೋದವರೆಲ್ಲ ಮೊದಲು ಹುಡುಕುವುದು ದೀಪ ಹಿಡಿದು ನಿಂತ ಹೆಣ್ಣಿನ ಚಿತ್ರವನ್ನು. ‘ಗ್ಲೋ ಆಫ್ ಹೋಪ್’ ಎಂಬ ಆ ಚಿತ್ರ ರವಿವರ್ಮನದೆಂದು ಎಷ್ಟೋ ಜನ ನಂಬಿದ್ದಾರೆ. ಅದು ಎಸ್.ಎಲ್. ಹಲ್ದಂಕರ್ ಅವರದು. ಕೈಯ ದೀಪದ ಬೆಳಕಿಗೆ ಮುಖ ಹೊಳೆಯುವ ಅದನ್ನೇ ಬರೆಯಬೇಕೆಂದು ನಿಮಗೂ ಆಸೆಯಾಗುತ್ತದೆ. ಮೊದಲ ಪ್ರತಿಗೆ ಅದು ಬೇಡ ಅನ್ನುತ್ತೇನೆ. ಅದು ಜಲವರ್ಣದ ಚಿತ್ರ. ಜಲವರ್ಣದಲ್ಲಿ ಬೆಳಕೆಂದರೆ ಬಿಟ್ಟ ಕಾಗದ, ತೈಲವರ್ಣದಲ್ಲಿ ಬೆಳಕೆಂದರೆ ಮೇಲೆ ಇಟ್ಟ ಬಣ್ಣ. ಎರಡರ ಕ್ರಮವೂ ತಲೆಕೆಳಗು. ಒಂದನ್ನು ನೋಡಿ ಇನ್ನೊಂದನ್ನು ಕಲಿಯಹೊರಟರೆ ಗೊಂದಲವೇ ಉಳಿಯುತ್ತದೆ.

ಇನ್ನೊಂದು ಕಾರಣವೂ ಇದೆ. ನಮ್ಮ ದೇಶದ ಕಾನೂನಿನಲ್ಲಿ ಚಿತ್ರದ ಹಕ್ಕುಸ್ವಾಮ್ಯ ಕಲಾವಿದ ತೀರಿಕೊಂಡ ನಂತರ 60 ವರ್ಷ ಇರುತ್ತದೆ. ಹಲ್ದಂಕರ್ ತೀರಿಕೊಂಡದ್ದು 1968ರಲ್ಲಿ, ಹಾಗಾಗಿ 2028 ಮುಗಿಯುವವರೆಗೆ ಅವರ ಕೃತಿಗಳಿಗೆ ರಕ್ಷಣೆ ಇದೆ. ಮನೆಯಲ್ಲಿ ಅಭ್ಯಾಸಕ್ಕೆ ಬರೆದುಕೊಳ್ಳುವುದು ಬೇರೆ, ಅದರ ಪ್ರತಿಯನ್ನು ಮಾರುವುದು ಬೇರೆ. ರವಿವರ್ಮನ ಕೃತಿಗಳಿಗೆ ಈ ತೊಡಕಿಲ್ಲ.

ನನ್ನ ಸಲಹೆ, ರವಿವರ್ಮನ ‘ಗ್ಯಾಲಕ್ಸಿ ಆಫ್ ಮ್ಯೂಸಿಷಿಯನ್ಸ್’ ಮುಂದೆ ನಿಲ್ಲಿ. 1889ರ ಈ ತೈಲಚಿತ್ರದಲ್ಲಿ ದೇಶದ ಬೇರೆ ಬೇರೆ ಕಡೆಯ ಹನ್ನೊಂದು ಹೆಂಗಸರು ತಮ್ಮ ತಮ್ಮ ಉಡುಗೆಯಲ್ಲಿದ್ದಾರೆ. ಕಲಿಯುವವರಿಗೆ ಇದೊಂದು ಇಡೀ ತರಗತಿ. ಮುಖದ ಕೋನ ಬೇರೆ, ಮೈಬಣ್ಣ ಬೇರೆ, ಬಟ್ಟೆ ಬೇರೆ. ಇಡೀ ಚಿತ್ರಕ್ಕೆ ಕೈ ಹಾಕಬೇಡಿ. ಒಬ್ಬರನ್ನು ಆರಿಸಿಕೊಂಡು ತಲೆಯಿಂದ ಭುಜದವರೆಗೆ ಮಾತ್ರ ಬರೆಯಿರಿ. ಬೆಳಕು ಒಂದು ಕಡೆಯಿಂದ ಬಿದ್ದು ಮುಖದ ಇನ್ನೊಂದು ಕಡೆ ಸ್ಪಷ್ಟ ನೆರಳಿರುವ ಮುಖವೇ ಇರಲಿ. ನೇರ ಬೆಳಕಿನಲ್ಲಿರುವ ಮುಖ ನೋಡಲು ಸುಲಭ, ಬರೆಯಲು ಬಹಳ ಕಷ್ಟ. ನೆರಳಿಲ್ಲದಿದ್ದರೆ ಮೂಗು ಎತ್ತರಕ್ಕೆ ಏಳುವುದೇ ಇಲ್ಲ.

ಮನೆಯ ಗೋಡೆಯ ಮೇಲಿರುವ ಹಳೆಯ ಲಕ್ಷ್ಮಿ, ಸರಸ್ವತಿ ಪಟಗಳನ್ನು ನೋಡಿ ಬರೆಯಬಹುದೇ ಎಂದು ಕೆಲವರು ಕೇಳುತ್ತಾರೆ. ಬೇಡ. ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಶುರು ಮಾಡಿದ ಮುದ್ರಣಾಲಯದಿಂದ ಮನೆಮನೆಗೆ ಹೋದ ಆ ಪಟಗಳು ಕಲ್ಲಚ್ಚಿನಲ್ಲಿ ಮುದ್ರಣವಾದವು. ಅಲ್ಲಿರುವ ಬಣ್ಣ ಅಚ್ಚಿನವರು ಕೂಡಿಸಿದ್ದು, ಕುಂಚದ ಗುರುತು ಒಂದೂ ಇಲ್ಲ. ನಾವು ಕಲಿಯಬೇಕಾದದ್ದೇ ಆ ಗುರುತಿನಿಂದ.

ಏನೇನು ಬೇಕು

ಗ್ಯಾಲರಿಗೆ: A4 ಅಳತೆಯ ಅರ್ಧದಷ್ಟು ದೊಡ್ಡ ಸ್ಕೆಚ್ ಪುಸ್ತಕ, 2ಬಿ ಮತ್ತು 6ಬಿ ಪೆನ್ಸಿಲ್, ಹಿಟ್ಟಿನಂತೆ ನಾದಬಹುದಾದ ರಬ್ಬರ್. ಇಷ್ಟೇ. ಪೆನ್ನು, ಬಣ್ಣ, ನೀರಿನ ಬಾಟಲಿ ಯಾವುದೂ ಚಿತ್ರದ ಹತ್ತಿರ ಹೋಗಬಾರದು.

ಮನೆಗೆ: 12×16 ಇಂಚಿನ ಪ್ರೈಮ್ ಮಾಡಿದ ಕ್ಯಾನ್ವಾಸ್. ಪ್ರೈಮ್ ಮಾಡಿದ್ದು ಅಂದರೆ ಬಟ್ಟೆಯ ಮೇಲೆ ಎಣ್ಣೆ ಹೀರದಂತೆ ಬಿಳಿ ಲೇಪ ಹಾಕಿದ್ದು. ಅಂಗಡಿಯಲ್ಲಿ ಸಿಗುವುದು ಬಹುಪಾಲು ಹೀಗೆಯೇ ಇರುತ್ತದೆ, ಆದರೂ ಕೇಳಿ ತೆಗೆದುಕೊಳ್ಳಿ. ಇದ್ದಿಲು ಕಡ್ಡಿ. ಚಪ್ಪಟೆ ತುದಿಯ ಒರಟು ಕೂದಲಿನ ಬ್ರಶ್ ಮೂರು ಅಳತೆಯವು, ಮೃದು ಕೂದಲಿನದು ಎರಡು. ಟರ್ಪೆಂಟೈನ್, ಚಿತ್ರಕಲೆಗೆಂದೇ ಶುದ್ಧೀಕರಿಸಿದ ಅಗಸೆ ಎಣ್ಣೆ, ಹಳೆಯ ಹತ್ತಿ ಬಟ್ಟೆ.

ಬಣ್ಣ ಎಂಟು ಸಾಕು: ಟೈಟೇನಿಯಂ ವೈಟ್, ಯೆಲ್ಲೊ ಓಕರ್, ಲೈಟ್ ರೆಡ್, ಅಲಿಜರಿನ್ ಕ್ರಿಮ್ಸನ್, ಬರ್ನ್ಟ್ ಸಿಯೆನ್ನಾ, ರಾ ಅಂಬರ್, ಅಲ್ಟ್ರಾಮರೀನ್ ಬ್ಲೂ, ಐವರಿ ಬ್ಲ್ಯಾಕ್. ದೊಡ್ಡ ಡಬ್ಬಿ ಕೊಳ್ಳಬೇಡಿ, ಬಿಡಿ ಟ್ಯೂಬ್ ಕೊಳ್ಳಿ. ‘ಮೈಬಣ್ಣ’ ಎಂದು ಹೆಸರಿಟ್ಟ ಗುಲಾಬಿ ಟ್ಯೂಬ್ ಸಿಕ್ಕರೆ ಅಲ್ಲೇ ಬಿಟ್ಟು ಬನ್ನಿ. ನಮ್ಮ ಯಾರ ಮೈಯೂ ಆ ಬಣ್ಣದ್ದಲ್ಲ. ರವಿವರ್ಮನ ಕಾಲದಲ್ಲಿ ಚಿತ್ರಕಾರರು ಬಳಸುತ್ತಿದ್ದ ಬಿಳಿ ಸೀಸದ್ದು, ಅದು ವಿಷ. ‘ಮೂಲದಂತೆಯೇ ಬರಲಿ’ ಎಂದು ಅದನ್ನು ಹುಡುಕುವ ಅಗತ್ಯ ಖಂಡಿತ ಇಲ್ಲ.

ಕೆಲಸದ ಹಂತಗಳು

1. ಅನುಮತಿ ಕೇಳಿ, ನಿಯಮ ತಿಳಿದುಕೊಳ್ಳಿ

ಪ್ಯಾರಿಸ್ಸಿನ ವಸ್ತುಸಂಗ್ರಹಾಲಯ ಲೂವ್ರ್‌ನಲ್ಲಿ 1793ರಿಂದಲೂ ಚಿತ್ರದ ಮುಂದೆ ಈಸೆಲ್ (ಕ್ಯಾನ್ವಾಸ್ ನಿಲ್ಲಿಸುವ ಕಾಲುಮಣೆ) ಇಟ್ಟು ಪ್ರತಿ ಮಾಡಲು ಅವಕಾಶವಿದೆ. ಅದನ್ನು ಓದಿ ಇಲ್ಲಿಗೆ ಈಸೆಲ್ ಹೊತ್ತು ಬಂದುಬಿಡಬೇಡಿ. ಟಿಕೆಟ್ ಕೌಂಟರಿನಲ್ಲಿ ಮೊದಲು ಕೇಳಿ: ಪುಸ್ತಕ, ಪೆನ್ಸಿಲ್ ಒಳಗೆ ತರಬಹುದೇ, ಫೋಟೋಕ್ಕೆ ಏನು ನಿಯಮ, ನಿಂತು ಬರೆದುಕೊಳ್ಳಬಹುದೇ. ಫೋಟೋ ಬೇಡವೆಂದರೆ ಬೇಡ. ಚಿತ್ರಕಲಾ ಶಾಲೆಯ ವಿದ್ಯಾರ್ಥಿಯಾಗಿದ್ದರೆ ನಿಮ್ಮ ಮೇಷ್ಟ್ರಿಂದ ಒಂದು ಪತ್ರ ತನ್ನಿ, ಮಾತು ಸುಲಭವಾಗುತ್ತದೆ. ಕಾವಲಿಗಿರುವವರ ಜೊತೆ ವಿನಯವಾಗಿ ಮಾತಾಡಿ. ಎರಡು ಮೂರು ಸಲ ನಿಮ್ಮನ್ನು ನೋಡಿದ ಮೇಲೆ ಅವರಿಗೂ ನಂಬಿಕೆ ಬರುತ್ತದೆ.

ದಸರಾ, ಡಿಸೆಂಬರಿನ ಶಾಲಾ ಪ್ರವಾಸದ ದಿನಗಳು, ಬೇಸಿಗೆ ರಜೆ, ಭಾನುವಾರ ಇವುಗಳನ್ನು ಬಿಟ್ಟುಬಿಡಿ. ವಾರದ ನಡುವೆ ಬೆಳಗ್ಗೆ ಬಾಗಿಲು ತೆರೆಯುವ ಹೊತ್ತು ಒಳ್ಳೆಯದು. ಚಿತ್ರದ ನೇರ ಎದುರಿಗೆ ನಿಲ್ಲದೆ ಸ್ವಲ್ಪ ಪಕ್ಕಕ್ಕೆ ನಿಲ್ಲಿ. ಬೇರೆಯವರೂ ನೋಡಬೇಕಲ್ಲ, ಜೊತೆಗೆ ಗಾಜಿನ ಮೇಲಿನ ದೀಪದ ಹೊಳಪೂ ಅಲ್ಲಿಂದ ತಪ್ಪುತ್ತದೆ.

2. ಮೊದಲ ಭೇಟಿ: ಬೆಳಕು ನೆರಳಿನ ನಕ್ಷೆ

ಈ ಹಂತವನ್ನು ಅವಸರದಲ್ಲಿ ದಾಟುವವರೇ ಹೆಚ್ಚು. ಮುಖ ಬೊಂಬೆಯ ಹಾಗೆ ಕಾಣುವುದಕ್ಕೆ ಕಾರಣ ಹುಡುಕಿದರೆ ಹೆಚ್ಚಾಗಿ ಇಲ್ಲೇ ಸಿಗುತ್ತದೆ.

ಪುಸ್ತಕ ತೆರೆಯುವ ಮುಂಚೆ ಹತ್ತು ನಿಮಿಷ ಸುಮ್ಮನೆ ನೋಡಿ. ಆಮೇಲೆ ಕಣ್ಣು ಕಿರಿದು ಮಾಡಿ ರೆಪ್ಪೆಗಳ ನಡುವಿನಿಂದ ನೋಡಿ. ಒಡವೆ, ಹುಬ್ಬು, ಸೆರಗಿನ ಅಂಚು ಎಲ್ಲ ಮಾಯವಾಗಿ ನಾಲ್ಕೈದು ದೊಡ್ಡ ತುಂಡುಗಳು ಉಳಿಯುತ್ತವೆ: ಕೂದಲೂ ಹಿನ್ನೆಲೆಯೂ ಸೇರಿದ ಒಂದು ಕಪ್ಪು, ಕೆನ್ನೆ ಮತ್ತು ಕುತ್ತಿಗೆಯ ಒಂದೇ ನೆರಳು, ಹಣೆ ಮೂಗಿನ ಬೆಳಕು. ಪುಸ್ತಕದಲ್ಲಿ ಬೆಂಕಿಪೊಟ್ಟಣದಷ್ಟು ಚಿಕ್ಕ ಚೌಕದಲ್ಲಿ ಇಷ್ಟನ್ನೇ ಬರೆಯಿರಿ. ಕಣ್ಣು, ಬಾಯಿ ಬರೆಯಬೇಡಿ.

ಈಗ ಟೋನ್ ಅಂಕ ಹಾಕಿ. ಟೋನ್ ಅಂದರೆ ಬಣ್ಣ ಯಾವುದೇ ಇರಲಿ, ಅದು ಎಷ್ಟು ಕಪ್ಪು ಅಥವಾ ಎಷ್ಟು ಬೆಳಕು ಎಂಬ ಪ್ರಮಾಣ. 1 ಅಂದರೆ ಅತಿ ಬೆಳಕು, 5 ಅಂದರೆ ಅತಿ ಕಪ್ಪು. ಪ್ರತಿ ತುಂಡಿನಲ್ಲೂ ಅಂಕ ಬರೆಯಿರಿ. ಇಲ್ಲಿ ಒಂದು ಅಚ್ಚರಿ ಕಾದಿರುತ್ತದೆ. ಬಿಳಿ ಸೀರೆಯ ನೆರಳಿನ ಭಾಗ 3 ಇರಬಹುದು, ಕಂದು ಮುಖದ ಬೆಳಕಿನ ಭಾಗ 2 ಇರಬಹುದು. ‘ಸೀರೆ ಬಿಳಿ, ಮುಖ ಕಂದು’ ಎಂದು ತಲೆ ಹೇಳುವುದನ್ನು ಕೇಳಬೇಡಿ, ಅಕ್ಕಪಕ್ಕ ಇಟ್ಟು ಕಣ್ಣು ಹೇಳುವುದನ್ನು ಬರೆಯಿರಿ. ಕಣ್ಣಿನ ಬಿಳಿಗುಡ್ಡೆಗೂ ಇದೇ ಮಾತು. ಅದು ರೆಪ್ಪೆಯ ನೆರಳಿನಲ್ಲಿರುತ್ತದೆ, ಎಂದಿಗೂ ಬಿಳಿಯಲ್ಲ.

ಆಮೇಲೆ ಅಂಚುಗಳನ್ನು ಗಮನಿಸಿ. ಎಲ್ಲಿ ಅಂಚು ಚೂರಿಯಿಂದ ಕುಯ್ದಂತೆ ಚೊಕ್ಕವಾಗಿದೆ, ಎಲ್ಲಿ ಕೂದಲು ಹಣೆಯೊಳಗೆ ಕರಗಿದೆ, ಎಲ್ಲಿ ನೆರಳಿನ ಕೆನ್ನೆ ಹಿನ್ನೆಲೆಯಲ್ಲಿ ಕಾಣೆಯಾಗಿದೆ? ಚೊಕ್ಕ ಅಂಚಿಗೆ ಗಟ್ಟಿ ಗೆರೆ, ಕರಗಿದ ಅಂಚಿಗೆ ಅಲೆಗೆರೆ ಎಂದು ಗುರುತು ಮಾಡಿಕೊಳ್ಳಿ. ಫೋಟೋದಲ್ಲಿ ಮೊದಲು ಹಾಳಾಗುವುದು ಈ ಅಂಚುಗಳೇ. ಆದ್ದರಿಂದ ಈ ಪುಟ ನಿಮಗೆ ಚಿನ್ನ.

3. ಮನೆಯಲ್ಲಿ ರೇಖೆ

ರವಿವರ್ಮನ ಹಲವು ಕೃತಿಗಳ ದೊಡ್ಡ ಅಳತೆಯ ಚಿತ್ರಗಳು ಅಂತರ್ಜಾಲದ ಉಚಿತ ಚಿತ್ರಸಂಗ್ರಹವಾದ ವಿಕಿಮೀಡಿಯ ಕಾಮನ್ಸ್‌ನಲ್ಲಿ ಸಿಗುತ್ತವೆ. ನಿಮಗೆ ಬೇಕಾದ ತಲೆ, ಭುಜವನ್ನು 3:4 ಅನುಪಾತದಲ್ಲಿ ಕತ್ತರಿಸಿ ಎರಡು ಪ್ರಿಂಟ್ ತೆಗೆಸಿ, ಒಂದು ಬಣ್ಣದ್ದು, ಒಂದು ಕಪ್ಪು ಬಿಳುಪು. ಕಪ್ಪು ಬಿಳುಪಿನದು ಟೋನ್ ನೋಡಲು ಹೆಚ್ಚು ನಂಬಿಕಸ್ತ.

ಪ್ರಿಂಟಿನ ಮೇಲೆ ಉದ್ದಕ್ಕೆ ನಾಲ್ಕು, ಅಗಲಕ್ಕೆ ಮೂರು ಸಮ ಚೌಕ ಬರುವಂತೆ ಗೆರೆ ಎಳೆಯಿರಿ. 12×16 ಕ್ಯಾನ್ವಾಸಿನಲ್ಲಿ ಒಂದೊಂದು ಚೌಕ 4 ಇಂಚು. ಇದ್ದಿಲಿನಿಂದ ಹಗುರವಾಗಿ ಬರೆಯಿರಿ. ಗಾಜಿನ ಕೆಳಗೆ ದೀಪವಿಟ್ಟು ತದ್ರೂಪ ಎತ್ತಿಕೊಳ್ಳುವುದು ಬೇಡ. ಮಾರಲು ಬರೆಯುವವರಿಗೆ ಅದು ಸರಿ, ಕಲಿಯುವವರ ಕೈಯಿಂದ ಅದು ಅಳತೆಯ ಅಭ್ಯಾಸವನ್ನೇ ಕಸಿದುಕೊಳ್ಳುತ್ತದೆ. ಇದೇ ಕಾರಣಕ್ಕೆ ಚೌಕವನ್ನೂ ಹೆಚ್ಚು ಸಣ್ಣದಾಗಿ ಮಾಡಬೇಡಿ.

ಬರೆದ ಮೇಲೆ ಮೂರು ಪರೀಕ್ಷೆ. ದಾರಕ್ಕೆ ಕಲ್ಲು ಕಟ್ಟಿ ಪ್ರಿಂಟಿನ ಮುಂದೆ ಇಳಿಬಿಡಿ: ಕಣ್ಣಿನ ಒಳಮೂಲೆಯ ನೇರ ಕೆಳಗೆ ಏನು ಬರುತ್ತದೆ, ಮೂಗಿನ ಹೊಳ್ಳೆಯೋ ತುಟಿಯ ಮೂಲೆಯೋ? ನಿಮ್ಮ ರೇಖೆಯಲ್ಲೂ ಅದೇ ಬರಬೇಕು. ಎರಡನೆಯದು, ಕಣ್ಣಿನ ಮಟ್ಟ. ತಲೆಯ ನೆತ್ತಿಯಿಂದ ಗಲ್ಲದವರೆಗೆ ಅಳೆದರೆ ಕಣ್ಣು ಹತ್ತಿರ ಹತ್ತಿರ ನಡುವಿಗೆ ಬರುತ್ತದೆ. ಹೊಸಬರು ಇದನ್ನು ಮೇಲಕ್ಕೆ ಏರಿಸಿ ಹಣೆಯನ್ನು ಕಿರಿದು ಮಾಡುತ್ತಾರೆ. ಮೂರನೆಯದು, ಕೈಗನ್ನಡಿಯಲ್ಲಿ ನೋಡುವುದು. ತಿರುಗುಮುರುಗಾಗಿ ಕಂಡ ಕೂಡಲೇ ಓರೆಯಾದ ಬಾಯಿ, ಜಾರಿದ ಕಣ್ಣು ಎದ್ದು ಕಾಣುತ್ತವೆ.

ಎಲ್ಲ ಸರಿಯಿದ್ದರೆ ಬಟ್ಟೆಯಿಂದ ಇದ್ದಿಲನ್ನು ತಟ್ಟಿ ಮಸುಕು ಮಾಡಿ. ಪುಡಿ ಉಳಿದರೆ ಬಣ್ಣದಲ್ಲಿ ಬೆರೆತು ಮುಖ ಕೊಳೆಯಾಗುತ್ತದೆ.

4. ಒಂದೇ ಬಣ್ಣದ ತಳಪದರ

ಇದಕ್ಕೆ ಅಂಡರ್‌ಪೇಂಟಿಂಗ್ ಎನ್ನುತ್ತಾರೆ. ಬಣ್ಣ ಹಚ್ಚುವ ಮುಂಚೆ ಇಡೀ ಚಿತ್ರದ ಬೆಳಕು ನೆರಳನ್ನು ಒಂದೇ ಬಣ್ಣದಲ್ಲಿ ಮುಗಿಸಿಕೊಳ್ಳುವುದು ಇದರ ಉದ್ದೇಶ. ರಾ ಅಂಬರ್ ಒಂದೇ ಸಾಕು, ಟರ್ಪೆಂಟೈನ್‌ನಲ್ಲಿ ತೆಳು ಮಾಡಿಕೊಂಡು. ಅಂಬರ್ ಯಾಕೆ ಅಂದರೆ ಅದರಲ್ಲಿರುವ ಮ್ಯಾಂಗನೀಸ್ ಎಣ್ಣೆಯನ್ನು ಬೇಗ ಒಣಗಿಸುತ್ತದೆ. ಐವರಿ ಬ್ಲ್ಯಾಕ್‌ನಲ್ಲಿ ಇದನ್ನು ಮಾಡಿದರೆ ದಿನಗಟ್ಟಲೆ ಕಾಯಬೇಕು.

ಇಡೀ ಕ್ಯಾನ್ವಾಸಿಗೆ ತೆಳುವಾಗಿ ಅಂಬರ್ ಬಳಿದು, ಬೆಳಕಿನ ಜಾಗಗಳನ್ನು ಬಟ್ಟೆಯಿಂದ ಒರೆಸಿ ತೆಗೆಯಿರಿ, ನೆರಳಿನ ಜಾಗಕ್ಕೆ ಇನ್ನಷ್ಟು ಹಾಕಿ. ನಿಮ್ಮ ಗ್ಯಾಲರಿಯ ನಕ್ಷೆಯ ಅಂಕಗಳು ಇಲ್ಲಿ ಕೆಲಸಕ್ಕೆ ಬರುತ್ತವೆ. ದೊಡ್ಡ ಬ್ರಶ್ ಬಿಟ್ಟು ಸಣ್ಣದಕ್ಕೆ ಹೋಗಬೇಡಿ. ಮೂರು ಮಾರು ದೂರದಿಂದ ನೋಡಿದಾಗ ಕಣ್ಣು ಮೂಗು ಬಿಡಿಸದೆಯೇ ಅದು ಆ ವ್ಯಕ್ತಿ ಎಂದು ಗುರುತು ಸಿಗಬೇಕು. ಸಿಗದಿದ್ದರೆ ಮುಂದೆ ಹೋಗಬೇಡಿ. ಈ ಹಂತದಲ್ಲಿ ಒರೆಸಿ ಮತ್ತೆ ಶುರು ಮಾಡಲು ಖರ್ಚೇ ಇಲ್ಲ. ಬಣ್ಣ ಹಚ್ಚಿದ ಮೇಲೆ ಟೋನ್ ತಿದ್ದುವುದು ದುಃಖದ ಕೆಲಸ.

5. ಎರಡನೆಯ ಭೇಟಿ: ಬಣ್ಣದ ಪಟ್ಟಿ ಹಿಡಿದು

ತಳಪದರ ಒಣಗುವ ಹೊತ್ತಿನಲ್ಲಿ ಮನೆಯಲ್ಲಿ ಮೈಬಣ್ಣದ ಮಿಶ್ರಣಗಳನ್ನು ಮಾಡಿ. ಓಕರ್, ಲೈಟ್ ರೆಡ್, ಬಿಳಿ ಸೇರಿದರೆ ಬೆಳಕಿನ ಭಾಗ. ಬರ್ನ್ಟ್ ಸಿಯೆನ್ನಾ, ಓಕರ್, ಚೂರು ಅಲ್ಟ್ರಾಮರೀನ್ ಸೇರಿದರೆ ನಡುಬಣ್ಣ. ಸಿಯೆನ್ನಾ, ಅಂಬರ್, ಚೂರು ಅಲಿಜರಿನ್ ಸೇರಿದರೆ ನೆರಳು. ಒಂದೊಂದರಲ್ಲೂ ಪ್ರಮಾಣ ಬದಲಿಸಿ ರಟ್ಟಿನ ಪಟ್ಟಿಯ ಮೇಲೆ ಸಾಲಾಗಿ ಬಳಿದು, ಪಕ್ಕದಲ್ಲಿ ಅಳತೆ ಬರೆದು, ಪೂರ್ತಿ ಒಣಗಿಸಿ.

ಒಣಗಿದ ಪಟ್ಟಿಯನ್ನು ಗ್ಯಾಲರಿಗೆ ಒಯ್ಯಿರಿ. ಚಿತ್ರದ ಹತ್ತಿರ ಚಾಚಬೇಡಿ. ನಿಮ್ಮ ಮುಖದ ಮುಂದೆಯೇ ಹಿಡಿದು, ಒಂದು ಕಣ್ಣು ಮುಚ್ಚಿ, ಪಟ್ಟಿಯ ಅಂಚಿನಾಚೆ ಚಿತ್ರವನ್ನು ನೋಡಿ ಹೋಲಿಸಿ. ಪರದೆಯ ಮೇಲೆ ಕಂಡ ಬಣ್ಣಕ್ಕೂ ಇಲ್ಲಿನ ಬಣ್ಣಕ್ಕೂ ಎಷ್ಟು ಅಂತರವಿದೆ ಎಂದು ಆಗ ತಿಳಿಯುತ್ತದೆ. ಹಳೆಯ ತೈಲಚಿತ್ರಗಳ ವಾರ್ನಿಶ್, ಅಂದರೆ ಬಣ್ಣದ ರಕ್ಷಣೆಗೆ ಮೇಲೆ ಬಳಿದ ಪಾರದರ್ಶಕ ಲೇಪ, ಕಾಲಕ್ರಮದಲ್ಲಿ ಹಳದಿಯಾಗುತ್ತದೆ ಎಂಬುದೂ ನೆನಪಿರಲಿ. ಇಡೀ ಚಿತ್ರ ಚಹಾ ಬಣ್ಣಕ್ಕೆ ತಿರುಗಿದ್ದರೆ, ಬಿಳಿಯಾಗಿರಬೇಕಾದ ಬಟ್ಟೆ ಎಷ್ಟು ಹಳದಿಯಾಗಿದೆ ನೋಡಿ. ಅಷ್ಟು ಹಳದಿಯನ್ನು ಎಲ್ಲ ಬಣ್ಣದಿಂದಲೂ ಕಳೆದು ಲೆಕ್ಕ ಹಾಕಿ.

ಒಡವೆಯನ್ನೂ ಇದೇ ಭೇಟಿಯಲ್ಲಿ ನೋಡಿಕೊಳ್ಳಿ. ದೂರದಿಂದ ಚಿನ್ನವೆಂದು ಹೊಳೆಯುವುದು, ಕಾವಲಿನವರು ಬಿಡುವಷ್ಟು ಹತ್ತಿರ ಹೋದಾಗ ಕಂದು ಮತ್ತು ಓಕರ್ ಬಣ್ಣದ ಸಾಧಾರಣ ಪಟ್ಟಿ, ಅದರ ಮೇಲೆ ಅಲ್ಲಲ್ಲಿ ದಪ್ಪನಾದ ತಿಳಿ ಹಳದಿಯ ಚುಕ್ಕೆ. ಚುಕ್ಕೆಗಳನ್ನು ಎಣಿಸಿ. ನೀವು ಅಂದುಕೊಂಡದ್ದಕ್ಕಿಂತ ಬಹಳ ಕಡಿಮೆ ಇರುತ್ತವೆ.

6. ಬಣ್ಣದ ಪದರ

ತಳಪದರ ಬೆರಳಿಗೆ ಅಂಟದಿದ್ದರೆ ಶುರು ಮಾಡಬಹುದು. ಬೇಸಿಗೆಯಲ್ಲಿ ಒಂದೆರಡು ದಿನ ಸಾಕು, ಮಳೆಗಾಲದಲ್ಲಿ ಹೆಚ್ಚು ಬೇಕು. ಎಣ್ಣೆಬಣ್ಣ ನೀರಿನಂತೆ ಆರಿಹೋಗುವುದಿಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಆದ್ದರಿಂದ ಒಣಗುವವರೆಗೆ ಕಪಾಟಿನಲ್ಲಿ ಮುಚ್ಚಿಡದೆ ಗಾಳಿ ಬೆಳಕು ಇರುವ ಕೋಣೆಯಲ್ಲಿಡಿ.

ತೈಲವರ್ಣದ ಒಂದು ನಿಯಮ ಇಲ್ಲಿ ಮುರಿಯಕೂಡದು: ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆ, ಮೇಲಿನ ಪದರದಲ್ಲಿ ಎಣ್ಣೆ ಹೆಚ್ಚು. ಎಣ್ಣೆ ಹೆಚ್ಚಿದ್ದಷ್ಟೂ ಒಣಗುವುದು ನಿಧಾನ, ಬಾಗುವ ಗುಣ ಹೆಚ್ಚು. ತಿರುಗಾಮುರುಗಾ ಮಾಡಿದರೆ ಮೇಲಿನದು ಬಿರುಸಾಗಿ ನಿಂತಾಗ ಕೆಳಗಿನದು ಇನ್ನೂ ಅಲುಗುತ್ತಿರುತ್ತದೆ, ಮೇಲ್ಪದರ ಬಿರುಕು ಬಿಡುತ್ತದೆ.

ನೆರಳಿನಿಂದ ಶುರು ಮಾಡಿ. ನೆರಳನ್ನು ತೆಳುವಾಗಿ, ತಳಪದರ ಒಳಗಿನಿಂದ ಕಾಣುವಂತೆ ಬಿಡಿ. ಬೆಳಕನ್ನು ದಪ್ಪವಾಗಿ ಇಡಿ. ನೆರಳಿಗೆ ಕಪ್ಪು ಬಣ್ಣ ಬೆರೆಸಿದರೆ ಮೈ ಬೂದಿ ಹಿಡಿದಂತಾಗುತ್ತದೆ. ಬೆಳಕಿಗೆ ಬರೀ ಬಿಳಿ ಬೆರೆಸಿದರೆ ಸುಣ್ಣ ಬಳಿದಂತಾಗುತ್ತದೆ, ಜೊತೆಗೆ ಓಕರ್ ಸೇರಿಸಿ. ಬೆಳಕು ನೆರಳು ಸೇರುವ ಗಡಿಯಲ್ಲಿ ಒಂದು ತಣ್ಣನೆಯ, ಸ್ವಲ್ಪ ಹಸಿರು ಬೂದು ಛಾಯೆ ಇರುತ್ತದೆ. ಕಂದು ಮೈಯಲ್ಲಿ ಇದು ಬಹಳ ಚೆನ್ನಾಗಿ ಕಾಣುತ್ತದೆ. ಅದನ್ನು ಬರೆಯದೆ ಎರಡನ್ನೂ ಬ್ರಶ್‌ನಿಂದ ತಿಕ್ಕಿ ಬೆರೆಸಿಬಿಟ್ಟರೆ ಮುಖ ಪ್ಲಾಸ್ಟಿಕ್ ಆಗುತ್ತದೆ. ತಿಕ್ಕಬೇಡಿ. ಬಣ್ಣ ಕಲಸಿ, ಇಟ್ಟು, ಬಿಡಿ.

ಮೇಲ್ತುಟಿ ಕೆಳಗೆ ಬಾಗಿರುವುದರಿಂದ ಹೆಚ್ಚಾಗಿ ನೆರಳಿನಲ್ಲಿರುತ್ತದೆ, ಕೆಳತುಟಿ ಬೆಳಕಿನಲ್ಲಿ. ತುಟಿಯ ಸುತ್ತ ಗೆರೆ ಎಳೆಯಬೇಡಿ. ಕಾಡಿಗೆಯೂ ಗೆರೆಯಲ್ಲ, ರೆಪ್ಪೆಯ ನೆರಳಿನೊಳಗೆ ಕರಗಿರುವ ಕಪ್ಪು. ಕೂದಲನ್ನು ಎಳೆ ಎಳೆಯಾಗಿ ಬರೆಯದೆ ಒಂದೇ ಕಪ್ಪು ತುಂಡಾಗಿ ಹಾಕಿ, ಹಣೆಯ ಬಣ್ಣ ಹಸಿ ಇರುವಾಗಲೇ ಮೃದು ಬ್ರಶ್‌ನಿಂದ ಅಂಚನ್ನು ಒಳಗೆ ಎಳೆಯಿರಿ.

ಕಣ್ಣಿನ ಹೊಳಪು, ಮೂಗಿನ ತುದಿ, ಒಡವೆಯ ಚುಕ್ಕೆ ಕೊನೆಯ ದಿನಕ್ಕೆ ಇರಲಿ. ಇವುಗಳನ್ನು ಬೇಗ ಬರೆದು ಖುಷಿಪಡುವ ಮನಸ್ಸಾಗುತ್ತದೆ, ಆದರೆ ಒಮ್ಮೆ ಇಟ್ಟ ಮೇಲೆ ಸುತ್ತಲಿನದನ್ನು ತಿದ್ದಲು ಕೈ ಹೆದರುತ್ತದೆ.

7. ಗ್ಲೇಜ್, ಬೇಕಿದ್ದರೆ ಮಾತ್ರ

ಗ್ಲೇಜ್ ಅಂದರೆ ಒಣಗಿದ ಬಣ್ಣದ ಮೇಲೆ ಎಣ್ಣೆಯಲ್ಲಿ ತೆಳುವಾಗಿ ಕದಡಿದ ಪಾರದರ್ಶಕ ಬಣ್ಣದ ಲೇಪ. ಕೆಂಪು ರೇಷ್ಮೆಗೆ ಅಲಿಜರಿನ್, ನೆರಳಿನ ಆಳಕ್ಕೆ ಬರ್ನ್ಟ್ ಸಿಯೆನ್ನಾ. ಮೊದಲ ಪ್ರತಿಯಲ್ಲಿ ಬಟ್ಟೆಯ ಮೇಲೆ ಮಾತ್ರ ಪ್ರಯತ್ನಿಸಿ, ಮುಖಕ್ಕೆ ಬೇಡ.

8. ಮೂರನೆಯ ಭೇಟಿ

ಚಿತ್ರ ಮುಗಿಯಿತು ಅನ್ನಿಸಿದಾಗ ಅದರ ಫೋಟೋ ಫೋನಿನಲ್ಲಿಟ್ಟುಕೊಂಡು ಗ್ಯಾಲರಿಗೆ ಹೋಗಿ, ಮೂಲದ ಮುಂದೆ ನಿಂತು ಐದೇ ವ್ಯತ್ಯಾಸ ಬರೆದುಕೊಳ್ಳಿ. ಅದರಲ್ಲಿ ದೊಡ್ಡದಾದ ಎರಡನ್ನು ಮನೆಗೆ ಬಂದು ತಿದ್ದಿ. ಉಳಿದ ಮೂರನ್ನು ಮುಂದಿನ ಪ್ರತಿಗೆ ಬಿಡಿ. ಒಂದೇ ಮುಖವನ್ನು ತಿಂಗಳುಗಟ್ಟಲೆ ತಿದ್ದುವವರಿಗಿಂತ ಬೇರೆ ಬೇರೆ ಮೂರು ಮುಖ ಬರೆದವರು ಬೇಗ ಕಲಿಯುತ್ತಾರೆ ಎಂಬುದು ನನ್ನ ದೃಢ ಅಭಿಪ್ರಾಯ.

ಸುರಕ್ಷತೆಯ ಮಾತು

ಟರ್ಪೆಂಟೈನ್ ಬಳಸುವಾಗ ಕಿಟಕಿ ತೆರೆದಿರಲಿ, ಡಬ್ಬಿ ಮುಚ್ಚಿರಲಿ, ಅದೇ ಕೋಣೆಯಲ್ಲಿ ಮಕ್ಕಳನ್ನು ಮಲಗಿಸಬೇಡಿ. ಸಿಂಕಿಗೆ ಸುರಿಯಬೇಡಿ. ಗಾಜಿನ ಸೀಸೆಯಲ್ಲಿ ತಂಗಲು ಬಿಟ್ಟರೆ ಬಣ್ಣ ಕೆಳಗಿಳಿಯುತ್ತದೆ, ಮೇಲಿನ ತಿಳಿಯನ್ನು ಮತ್ತೆ ಬಳಸಬಹುದು.

ಇದಕ್ಕಿಂತ ಮುಖ್ಯವಾದದ್ದು ಎಣ್ಣೆ ಒರೆಸಿದ ಬಟ್ಟೆ. ಅಗಸೆ ಎಣ್ಣೆ ಗಾಳಿಯಲ್ಲಿ ಗಟ್ಟಿಯಾಗುವಾಗ ಶಾಖ ಹುಟ್ಟುತ್ತದೆ. ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಆ ಶಾಖ ಒಳಗೇ ಉಳಿದು, ಕಡ್ಡಿ ಗೀರದೆಯೇ ಬೆಂಕಿ ಹತ್ತಿಕೊಳ್ಳಬಹುದು. ಕೆಲಸ ಮುಗಿದ ಕೂಡಲೇ ಬಟ್ಟೆಯನ್ನು ಹೊರಗೆ ಬಿಡಿಸಿ ಹರಡಿ ಒಣಗಿಸಿ, ಅಥವಾ ನೀರು ತುಂಬಿದ ಮುಚ್ಚಳದ ತಗಡಿನ ಡಬ್ಬಿಯಲ್ಲಿ ಹಾಕಿಡಿ.

ಸಹಿ, ವಾರ್ನಿಶ್

ಲೂವ್ರ್‌ನಲ್ಲಿ ಪ್ರತಿ ಮಾಡುವವರಿಗೆ ಎರಡು ಕಟ್ಟುನಿಟ್ಟಾದ ನಿಯಮಗಳಿವೆ: ಪ್ರತಿ ಮೂಲದ ಅಳತೆಯಲ್ಲಿರಕೂಡದು, ಮೂಲ ಕಲಾವಿದನ ಸಹಿ ಬರೆಯಕೂಡದು. ಯಾರೂ ಹೇಳದಿದ್ದರೂ ಇವನ್ನು ನೀವೂ ಪಾಲಿಸಿ. ರವಿವರ್ಮನ ಹೆಸರಿನಲ್ಲಿ ನಕಲಿಗಳು ಓಡಾಡುವ ಈ ಕಾಲದಲ್ಲಿ ಅಭ್ಯಾಸದ ಪ್ರತಿ ನಾಳೆ ಯಾರದೋ ಕೈಗೆ ಸಿಕ್ಕಿ ಮೂಲವೆಂದು ಮಾರಾಟವಾಗಬಾರದು. ಕ್ಯಾನ್ವಾಸಿನ ಹಿಂದೆ ಅಳಿಸದ ಶಾಯಿಯಲ್ಲಿ ‘ರಾಜಾ ರವಿವರ್ಮನ ಚಿತ್ರದಿಂದ ಅಭ್ಯಾಸಕ್ಕಾಗಿ ಮಾಡಿದ ಪ್ರತಿ’ ಎಂದು ಬರೆದು, ಮೂಲಕೃತಿಯ ಹೆಸರು, ಅದು ಇರುವ ಜಾಗ, ನಿಮ್ಮ ಹೆಸರು, ಇಸವಿ ಸೇರಿಸಿ. ಬಳಸಿದ ಬಣ್ಣಗಳ ಪಟ್ಟಿಯನ್ನೂ ಅಲ್ಲೇ ಬರೆದಿಟ್ಟರೆ ಮುಂದಿನ ಪ್ರತಿಗೆ ಉಪಯೋಗ.

ವಾರ್ನಿಶ್‌ಗೆ ಕನಿಷ್ಠ ಆರು ತಿಂಗಳು ಕಾಯಿರಿ, ದಪ್ಪ ಬಣ್ಣವಿದ್ದರೆ ವರ್ಷ. ಅಲ್ಲಿಯವರೆಗೆ ಗಾಜು ಹಾಕಿಸಬೇಡಿ. ಗೋಡೆಗೆ ತೂಗು ಹಾಕುವಾಗ ಚೌಕಟ್ಟಿನ ಹಿಂದಿನ ಕೆಳಮೂಲೆಗಳಿಗೆ ಒಂದೊಂದು ಸಣ್ಣ ಮರದ ತುಂಡು ಅಂಟಿಸಿ. ಮಳೆಗಾಲದಲ್ಲಿ ಗೋಡೆ ಥಂಡಿ ಹಿಡಿದರೂ ಹಿಂದೆ ಗಾಳಿಯಾಡಿ ಬಟ್ಟೆಗೆ ಬೂಷ್ಟು ಬರುವುದಿಲ್ಲ.